ಹುಳವೆಂದು ಬರೆದ ಸದ್ದು: ಕೆಂಪುಕಲ್ಲಿನ ಬಯಲೊಂದರ ಕಪ್ಪೆ ಸಮೀಕ್ಷೆ

ಇದು ಕರಾವಳಿಯ ಒಂದು ಊರಿನಲ್ಲಿ ಮೂರು ಮಳೆಗಾಲ ನಡೆದ ಕೆಲಸದ ಪ್ರಕರಣ. ಊರು, ಪಂಚಾಯತಿ, ಕಾಲೇಜು ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ಜನರ ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಪ್ಪೆಗಳ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ. ನಾನು ಆ ತಂಡಕ್ಕೆ ಸಲಹೆ ಕೊಡುತ್ತಿದ್ದವನು. ಆದ್ದರಿಂದ ಮುಂದೆ ಬರುವ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದೇ.

ಹಿನ್ನೆಲೆ

ಊರಿನ ಮೇಲ್ಭಾಗದಲ್ಲಿ ಒಂದು ಕೆಂಪುಕಲ್ಲಿನ ಬಯಲಿದೆ. ಕರಾವಳಿಯ ಒಂದೊಂದು ಕಡೆ ಈ ಕಲ್ಲಿಗೆ ಒಂದೊಂದು ಹೆಸರು: ಮುರಕಲ್ಲು, ಕೆಂಪುಕಲ್ಲು, ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಡಿಪುರದಲ್ಲಿ ಜನ ಇದನ್ನು ಕಡಿದು ಮನೆ ಕಟ್ಟುವುದನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದು ಅರ್ಥ. ನಮ್ಮ ಜಂಬಿಟ್ಟಿಗೆಯೊಳಗೆ ಆ ಇಟ್ಟಿಗೆ ಹೇಗೂ ಇದ್ದೇ ಇತ್ತು.

ಬೇಸಿಗೆಯಲ್ಲಿ ಅಲ್ಲಿ ಚಪ್ಪಲಿಯಿಲ್ಲದೆ ನಡೆಯಲಾಗದು. ಒಣಗಿದ ಮುಳಿಹುಲ್ಲು, ಕಪ್ಪಿಟ್ಟ ಕಲ್ಲು, ಅಲ್ಲಲ್ಲಿ ಬಿಟ್ಟುಹೋದ ಕೋರೆಯ ಗುಂಡಿಗಳು. ಮೃಗಶಿರಾ ಮಳೆ ಹಿಡಿದ ಮೇಲೆ ಅದೇ ಕಲ್ಲಿನ ತಗ್ಗುಗಳಲ್ಲಿ ಗೇಣುದ್ದವೂ ಇಲ್ಲದ ನೀರು ನಿಲ್ಲುತ್ತದೆ, ಹುಲ್ಲು ಏಳುತ್ತದೆ, ಆಗಸ್ಟ್ ಹೊತ್ತಿಗೆ ನೆಲವೆಲ್ಲ ನೇರಳೆ ಬಣ್ಣದ ಸಣ್ಣ ಹೂವು. ಪಹಣಿಯಲ್ಲಿ ಮಾತ್ರ ವರ್ಷದ ಹನ್ನೆರಡು ತಿಂಗಳೂ ಇದು ಪರಂಬೋಕು. ಏನೂ ಬೆಳೆಯದ ಜಾಗ ಎಂಬ ಕಾರಣಕ್ಕೇ ಪಂಚಾಯತಿ ಘನತ್ಯಾಜ್ಯ ಘಟಕಕ್ಕೆ ಇದನ್ನು ನೋಡಿಟ್ಟಿತ್ತು. ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಮನೆಗಳ ಹತ್ತಿರ ಕಸದ ಘಟಕ ಮಾಡಲು ಯಾರು ಬಿಡುತ್ತಾರೆ?

ಹತ್ತಿರದ ಕಾಲೇಜೊಂದರ ಪ್ರಾಣಿಶಾಸ್ತ್ರದ ಉಪನ್ಯಾಸಕಿಯೊಬ್ಬರು ನಾಲ್ವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರಿನ ಕಪ್ಪೆಗಳ ಪಟ್ಟಿ ಮಾಡುತ್ತಿದ್ದರು. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಅವರನ್ನೇ ಕೇಳಿದರು: ಬಯಲಿನಲ್ಲಿ ಕಪ್ಪೆಗಿಪ್ಪೆ ಏನಾದರೂ ವಿಶೇಷ ಇದೆಯೇ, ಒಂದು ಪುಟ ಬರೆದುಕೊಡಿ. ಹಾಗೆ ಕೇಳುವ ಅಧಿಕಾರಿಗಳು ಅಪರೂಪ. ನಮಗೆ ಖುಷಿಯಾಯಿತು. ಆ ಖುಷಿಯಲ್ಲೇ ಅವಸರವೂ ಸೇರಿಕೊಂಡಿತು.

ಕಿವಿ ಹದ ಮಾಡಿದ್ದು

ಕಪ್ಪೆಗಳಲ್ಲಿ ಸಾಮಾನ್ಯವಾಗಿ ಕೂಗುವುದು ಗಂಡು. ಗಂಟಲಿನ ಚೀಲ ಉಬ್ಬಿಸಿ ಹೆಣ್ಣನ್ನು ಕರೆಯುವ ಆ ಕೂಗು ಒಂದೊಂದು ಪ್ರಭೇದಕ್ಕೂ ಬೇರೆ. ಕತ್ತಲಲ್ಲಿ, ಕೆಸರಿನಲ್ಲಿ, ಹುಲ್ಲಿನ ಬುಡದಲ್ಲಿ ಕುಳಿತ ಪ್ರಾಣಿಯನ್ನು ಹಿಡಿಯದೆ, ಮುಟ್ಟದೆ ಗುರುತಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹಾಗಾಗಿ ವಿದ್ಯಾರ್ಥಿಗಳಿಗೆ ಮೊದಲ ಎರಡು ವಾರ ನೆಲಗಪ್ಪೆ, ಗೋಂಕರು ಕಪ್ಪೆ, ನೀರಿನ ಮೇಲೆ ಚಿಮ್ಮುವ ಕಪ್ಪೆ, ಸ್ನಾನದ ಮನೆಗೂ ಬರುವ ಚುಕ್ಕಿ ಮರಗಪ್ಪೆ ಇವುಗಳ ಧ್ವನಿಮುದ್ರಿಕೆ ಕೇಳಿಸಿದೆವು. ಗೋಂಕರು ಕಪ್ಪೆಯನ್ನು ಯಾರೂ ಮರೆಯುವಂತಿಲ್ಲ. ಮೊದಲ ದೊಡ್ಡ ಮಳೆಗೆ ಗಂಡುಗಳು ನಿಂಬೆಹಳದಿ ಬಣ್ಣಕ್ಕೆ ತಿರುಗಿ, ಕೆನ್ನೆಯ ಪಕ್ಕದ ನೀಲಿ ಚೀಲ ಉಬ್ಬಿಸಿ ಗದ್ದೆಯನ್ನೇ ಎತ್ತಿ ಒಗೆಯುವಂತೆ ಕೂಗುತ್ತವೆ. ಮರಗಪ್ಪೆಯ ಟಕಟಕವೂ ಸುಲಭ. ಗದ್ದೆಗಪ್ಪೆಗಳಲ್ಲಿ ಒಂದರಂತೆ ಇನ್ನೊಂದಿರುವ ಪ್ರಭೇದಗಳು ಹಲವು. ಅವುಗಳನ್ನು ಬೇರ್ಪಡಿಸುವ ಧೈರ್ಯ ಮಾಡದೆ "ಗದ್ದೆಗಪ್ಪೆ ಗುಂಪು" ಎಂದಷ್ಟೇ ಬರೆಯಬೇಕೆಂದು ಮೊದಲೇ ತೀರ್ಮಾನಿಸಿದೆವು. ಆ ವರ್ಷ ನಾವು ಮಾಡಿದ ತೀರ್ಮಾನಗಳಲ್ಲಿ ಈಗಲೂ ನನಗೆ ಒಪ್ಪಿಗೆಯಿರುವುದು ಅದೊಂದೇ.

ಪಾಠಕ್ಕೆ ಬಳಸಿದ್ದೆಲ್ಲ ಚೊಕ್ಕವಾದ ಧ್ವನಿಮುದ್ರಿಕೆಗಳು: ಒಂದು ಕಪ್ಪೆ, ಒಂದು ಕೂಗು, ಹಿಂದೆ ಮೌನ. ಬಯಲಿನಲ್ಲಿ ಅಂಥ ಮೌನ ಎಲ್ಲಿಂದ ಬರಬೇಕು? ಮಳೆಹನಿ, ಗಾಳಿ, ದೂರದ ಹೆದ್ದಾರಿ, ಮೇಲೆ ಜೀರುಂಡೆಗಳ ಒಂದೇ ಸಮನೆ ಗದ್ದಲ. "ಮೊದಲು ದೊಡ್ಡ ಸದ್ದನ್ನು ಪಕ್ಕಕ್ಕಿಡಿ, ಆಮೇಲೆ ಅದರ ಹಿಂದೆ ಏನಿದೆ ಕೇಳಿ" ಎಂದು ನಾನು ಹೇಳಿಕೊಟ್ಟೆ. ಮಾತು ಸರಿಯೇ. ಆದರೆ ಪಕ್ಕಕ್ಕಿಡುವ ಸದ್ದು ಯಾವುದು ಎಂದು ಮೊದಲೇ ಗೊತ್ತಿರಬೇಕಲ್ಲ.

ಮೊದಲ ಮಳೆಗಾಲ: ಎರಡು ಹಾಳೆ

ಬಯಲಿನಲ್ಲಿ ಹತ್ತು ಬಿಂದು ಗುರುತು ಮಾಡಿದೆವು. ಕತ್ತಲಾದ ಮೇಲೆ ಬಿಂದುವಿಗೆ ಹೋಗಿ, ದೀಪ ಆರಿಸಿ, ಹೆಜ್ಜೆಯ ಸದ್ದಿಗೆ ಬೆದರಿದ ಕಪ್ಪೆಗಳು ಮತ್ತೆ ಬಾಯಿ ಬಿಡುವವರೆಗೆ ಕಾಯುವುದು, ಆಮೇಲೆ ಐದು ನಿಮಿಷ ಕೇಳುವುದು. ಅಂಕ ಹಾಕಲು ಉತ್ತರ ಅಮೆರಿಕದ ಸಮೀಕ್ಷೆಗಳಲ್ಲಿ ರೂಢಿಯಲ್ಲಿರುವ ಪದ್ಧತಿ ತೆಗೆದುಕೊಂಡೆವು: ಒಂದೊಂದಾಗಿ ಎಣಿಸುವಂತಿದ್ದರೆ 1, ಕೂಗುಗಳು ಒಂದರ ಮೇಲೊಂದು ಬಿದ್ದರೂ ಅಂದಾಜು ಸಿಗುವಂತಿದ್ದರೆ 2, ಎಡೆಬಿಡದ ಮೇಳವಾದರೆ 3, ಏನೂ ಇಲ್ಲದಿದ್ದರೆ ಸೊನ್ನೆ.

ಇಲ್ಲೇ ನಾವು ಎಡವಿದ್ದು. ಕೆಲಸ ಹಗುರವಾಗಲೆಂದು ಹಾಳೆಯನ್ನು ಎರಡು ಮಾಡಿದೆ. ಸದ್ದಿನ ಹಾಳೆ ಒಬ್ಬರ ಕೈಯಲ್ಲಿ, ಆವಾಸದ ಹಾಳೆ ಇನ್ನೊಬ್ಬರ ಕೈಯಲ್ಲಿ. ಕೂಗು ಕೇಳಿದವರು ಕೂಗು ಬರೆಯುವುದು. ನೀರು ಎಷ್ಟು ಆಳ, ಹುಲ್ಲು ಎಷ್ಟು ಎತ್ತರ, ಕಲ್ಲು ಬರಿದೋ ಪಾಚಿ ಹಿಡಿದದ್ದೋ ಎಂಬುದನ್ನು ಮತ್ತೊಬ್ಬರು, ಹೆಚ್ಚಾಗಿ ಹಗಲಿನಲ್ಲಿ ಬಂದು, ಬರೆಯುವುದು. ಕೊನೆಯಲ್ಲಿ ಎರಡನ್ನೂ ಕೂಡಿಸಿ ಯಾವ ಕಪ್ಪೆ ಎಲ್ಲಿ ಎಂದು ನೋಡುವುದು. ಕಾಗದದ ಮೇಲೆ ಅಚ್ಚುಕಟ್ಟಾಗಿ ಕಂಡಿತು.

ಪ್ರತಿ ಬಿಂದುವಿಗೂ ಮೂರು ರಾತ್ರಿ ಹೋಗಬೇಕೆಂದು ನಾನೇ ಹಟ ಹಿಡಿದೆ. ಕಾರಣವಿತ್ತು. ಇದ್ದರೂ ಕೇಳದೇ ಹೋಗುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಒಂದು ಪ್ರಾಣಿ ಎಷ್ಟು ತಾಣಗಳಲ್ಲಿ ಇದೆಯೆಂದು ಅಂದಾಜು ಮಾಡುವ ವಿಧಾನವನ್ನು 2002ರಲ್ಲಿ ಮೆಕೆಂಜಿ ಮತ್ತು ಸಂಗಡಿಗರು ಮುಂದಿಟ್ಟಾಗ ಅವರು ಉದಾಹರಣೆಗೆ ಬಳಸಿದ್ದೇ ಅಮೆರಿಕದ ಮೇರಿಲ್ಯಾಂಡಿನ ಜೌಗುಗಳಲ್ಲಿ ಕೇಳಿದ ಕಪ್ಪೆಕೂಗುಗಳನ್ನು. ಲೆಕ್ಕದ ಹುರುಳು ಸರಳ. ಅಲ್ಲೇ ಇರುವ ಕಪ್ಪೆಯ ಕೂಗು ಒಂದು ರಾತ್ರಿ ನಮಗೆ ಕೇಳುವ ಸಾಧ್ಯತೆ ಅರ್ಧ ಎಂದಿಟ್ಟುಕೊಳ್ಳಿ. ಮೂರು ರಾತ್ರಿಯೂ ತಪ್ಪಿಹೋಗುವ ಸಾಧ್ಯತೆ ಎಂಟರಲ್ಲಿ ಒಂದಕ್ಕೆ ಇಳಿಯುತ್ತದೆ. ಮೂರು ರಾತ್ರಿ ಹೋದ ಮೇಲೂ ಸೊನ್ನೆಯೇ ಬಂದರೆ ಆ ಸೊನ್ನೆಗೆ ಸ್ವಲ್ಪ ತೂಕವಿದೆ ಎಂದು ನಾನು ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ.

ಹತ್ತರಲ್ಲಿ ಆರು ಬಿಂದುಗಳಲ್ಲಿ ಮೂರು ರಾತ್ರಿಯೂ ಸೊನ್ನೆ. ಉಳಿದ ಕಡೆ ನೆಲಗಪ್ಪೆ, ಗದ್ದೆಗಪ್ಪೆ ಗುಂಪು, ಹಳೆಯ ಕೋರೆಯ ಗುಂಡಿಯೊಂದರಲ್ಲಿ ಚಿಮ್ಮುವ ಕಪ್ಪೆ. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಧ್ವನಿ ಹಿಡಿದು ಸಂದೇಶದ ಆ್ಯಪಿನಲ್ಲಿ ಗುಂಪಿಗೆ ಹಾಕುತ್ತಿದ್ದರು. ನಾನು ಮನೆಯಲ್ಲಿ ಕುಳಿತು ಕೇಳಿ ತಲೆಯಾಡಿಸುತ್ತಿದ್ದೆ. ಮನುಷ್ಯರ ಮಾತಿಗೆಂದು ಮಾಡಿದ ಧ್ವನಿಮುದ್ರಣ ವ್ಯವಸ್ಥೆ ಒಂದೇ ಸಮನೆ ಬರುವ ಸದ್ದನ್ನು ಗಲಾಟೆಯೆಂದು ತಿಳಿದು ತಗ್ಗಿಸಿಬಿಡುತ್ತದೆ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ನಾನು ಕೇಳುತ್ತಿದ್ದುದು ಸೋಸಿ ಉಳಿದದ್ದನ್ನು.

ಅಕ್ಟೋಬರಿನಲ್ಲಿ ಒಂದು ಪುಟದ ಪತ್ರ ಹೋಯಿತು: ಬಯಲಿನಲ್ಲಿ ಸಾಮಾನ್ಯ ಕಪ್ಪೆಗಳು ಕಡಿಮೆ ಸಂಖ್ಯೆಯಲ್ಲಿವೆ, ವಿಶೇಷವಾದದ್ದು ಕಂಡುಬಂದಿಲ್ಲ. ಕರಡು ಓದಿ ಅಲ್ಪವಿರಾಮ ತಿದ್ದಿ ಕಳಿಸಿದವನು ನಾನು.

ತಿರುವು

ಮರುವರ್ಷ ಆರಿದ್ರಾ ಮಳೆಯ ಹೊತ್ತಿಗೆ ವಿದ್ಯಾರ್ಥಿಗಳು ಮತ್ತೆ ಬಯಲಿಗೆ ಹೋದರು. ಈ ಸಲ ಪಂಚಾಯತಿಗಾಗಿ ಅಲ್ಲ, ಪದವಿಯ ಪ್ರಾಜೆಕ್ಟಿಗಾಗಿ. ಸಂಜೆ ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ಇವರು ಕಿವಿಗೆ ಕೈ ಕೊಟ್ಟು ನಿಂತಿರುವುದನ್ನು ನೋಡಿ ನಿಂತರು. ಏನು ಕೇಳುತ್ತಿದ್ದೀರಿ ಎಂದರು. ಕಪ್ಪೆ ಅಜ್ಜ, ಆದರೆ ಇಲ್ಲಿ ಬರೀ ಜೀರುಂಡೆ ಎಂದ ಹುಡುಗ. ಅಜ್ಜ ನಕ್ಕರಂತೆ. ಆ ಹುಡುಗ ಅವರ ಮಾತನ್ನು ಅಲ್ಲೇ ಬರೆದುಕೊಂಡದ್ದರಿಂದ ನಾನು ಇಲ್ಲಿ ಕೊಡಬಲ್ಲೆ:

"ಮಾಣಿ, ಹುಳಕ್ಕೆ ನೀರು ಯಾಕೆ? ಇದು ನೀರು ನಿಂತಲ್ಲಿ ಮಾತ್ರ ಕೂಗುವುದು. ನಾಲ್ಕು ದಿನ ಬಿಸಿಲು ಬಂದು ಆ ತಗ್ಗು ಆರಲಿ, ಮತ್ತೆ ಬಂದು ನೋಡು. ಬಾಯಿ ಮುಚ್ಚಿರುತ್ತದೆ."

ಅದು ಯಾವ ಪ್ರಾಣಿಯೆಂದು ಅವರಿಗೂ ಗೊತ್ತಿರಲಿಲ್ಲ. ನೋಡಿದ್ದೀರಾ ಎಂದರೆ ಇಲ್ಲ, ನೋಡಲು ಏನಿದೆ ಎಂದರು. ಆದರೆ ಸದ್ದನ್ನೂ ನೀರನ್ನೂ ಅವರು ಎರಡು ಹಾಳೆಯಲ್ಲಿ ಬರೆದಿಟ್ಟಿರಲಿಲ್ಲ.

ಹುಡುಗ ರಾತ್ರಿಯೇ ನನಗೆ ಫೋನು ಮಾಡಿದ. ಫೋನಿನ ಈ ತುದಿಯಲ್ಲಿ ನನಗೆ ಮೈ ಬಿಸಿಯೇರಿತು. ಏಕೆಂದರೆ ನಾನು ಓದಿದ್ದೆ. 2016ರಲ್ಲಿ ಮಣಿಪಾಲದ ಸುತ್ತಮುತ್ತಲ ಕೆಂಪುಕಲ್ಲಿನ ನೆಲದಿಂದ ಒಂದು ಹೊಸ ಕಪ್ಪೆಯನ್ನು ವಿವರಿಸಲಾಗಿತ್ತು: ಮೈಕ್ರೋಹೈಲಾ ಲ್ಯಾಟರೈಟ್. ಉದ್ದ ಸುಮಾರು 1.6 ಸೆಂಟಿಮೀಟರು. ಈ ಕಲ್ಲುನೆಲವನ್ನು ಬಂಜರು ಎಂದು ಬಗೆದು ಹಾಳುಗೆಡವುವುದರತ್ತ ಗಮನ ಸೆಳೆಯಲೆಂದೇ ಆ ಹೆಸರು. ಅದರ ಕೂಗನ್ನು ಸುಲಭವಾಗಿ ಕೀಟದ ಸದ್ದೆಂದು ತಿಳಿಯಬಹುದು ಎಂದೂ ಆಗಲೇ ಹೇಳಿದ್ದರು. ಇಷ್ಟೆಲ್ಲ ಗೊತ್ತಿದ್ದೂ ತರಬೇತಿಯ ಪಟ್ಟಿಯಲ್ಲಿ ನಾನು ಅದನ್ನು ಸೇರಿಸಿರಲಿಲ್ಲ. ಅದು "ಅಲ್ಲಿಯ" ಕಪ್ಪೆ, ಈ ಊರಿನದಲ್ಲ ಎಂದು ಯಾರೂ ಹೇಳದಿದ್ದರೂ ನನ್ನೊಳಗೆ ನಾನೇ ಗಡಿ ಹಾಕಿಕೊಂಡಿದ್ದೆ.

ಎರಡು ದಿನ ಬಿಟ್ಟು ನಾನೂ ಹೋದೆ. ಬಿಂದು ಏಳು. ಹಾಸುಗಲ್ಲಿನ ನಡುವೆ ಚಾಪೆಯಷ್ಟು ಅಗಲದ ತಗ್ಗು, ಎರಡು ಬೆರಳು ನೀರು, ಅಂಚಿನಲ್ಲಿ ಹುಲ್ಲಿನ ದಿಂಡುಗಳು. ಕಾಲಿಗೆ ಗಂಬೂಟು, ಏಕೆಂದರೆ ಅಂಥ ಕಲ್ಲಿನ ಸಂದಿನಲ್ಲಿ ಮಂಡಲದ ಹಾವುಗಳೂ ಇರುತ್ತವೆ. ನಾವು ಬಂದ ಕೂಡಲೇ ಸದ್ದು ನಿಂತಿತು. ಉಪನ್ಯಾಸಕಿ ಒಂದು ಬದಿ, ನಾನು ಇನ್ನೊಂದು ಬದಿ, ದೀಪ ಆರಿಸಿ ಕುಳಿತೆವು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಡೆಯಿಂದ ಕ್ರೀರ್ರ್, ಆಮೇಲೆ ಇನ್ನೊಂದು, ಆಮೇಲೆ ಬಯಲಿಡೀ. ನನ್ನ ಕಿವಿಗೂ ಅದು ಹುಳವೇ. ಒಪ್ಪಿಕೊಳ್ಳುತ್ತೇನೆ, ಗೊತ್ತಿದ್ದು ಕೇಳಿದಾಗಲೂ ಹುಳವೇ.

ಸದ್ದು ಬರುವ ಕಡೆಗೆ ಇಬ್ಬರೂ ಕೈ ಚಾಚುವುದು, ಹುಡುಗ ಎರಡು ಕೈಗಳ ಗೆರೆ ಕೂಡುವಲ್ಲಿಗೆ ದೀಪ ಬಿಡುವುದು ಎಂದು ಮಾತಾಗಿತ್ತು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಹುಲ್ಲಿನ ದಿಂಡಿನ ಬುಡದಲ್ಲಿ, ನೀರಿಗೆ ತಾಗಿಯೂ ತಾಗದಂತೆ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಂದು ಪ್ರಾಣಿಯೊಂದು ಕಂಡಿತು. ಬೆಳಕು ಬಿದ್ದರೂ ಅದು ಕೂಗು ನಿಲ್ಲಿಸಲಿಲ್ಲ. ಗಂಟಲ ಚೀಲ ಉಬ್ಬಿದಾಗ ಅರ್ಧ ಮೈಯಷ್ಟಾಗುತ್ತಿತ್ತು. ಚೀಲ ಉಬ್ಬುವುದಕ್ಕೂ ಸದ್ದಿಗೂ ತಾಳ ಕೂಡುತ್ತಿತ್ತು. ಹುಡುಗನ ಕೈಯಲ್ಲಿದ್ದ ದೀಪ ಸಣ್ಣಗೆ ನಡುಗುತ್ತಿತ್ತು.

ಫೋಟೊ, ಸರಿಯಾದ ಧ್ವನಿಮುದ್ರಣ ಯಂತ್ರದಲ್ಲಿ ಹಿಡಿದ ಕೂಗು ಎರಡನ್ನೂ ಕಪ್ಪೆಗಳ ಬಗ್ಗೆ ತಿಳಿದವರಿಗೆ ಕಳಿಸಿದೆವು. ಹೌದು ಎಂಬ ಉತ್ತರ ಬಂತು.

ಷರಾ ಕಾಲಂ

ಹಾಗಾದರೆ ಹೋದ ವರ್ಷದ ಸೊನ್ನೆಗಳ ಗತಿಯೇನು? ಅವೆಲ್ಲ ವ್ಯರ್ಥ, ಮೊದಲಿಂದ ಶುರು ಮಾಡೋಣ ಎಂದು ನಾನು ಹೇಳಿದೆ. ಉಪನ್ಯಾಸಕಿ ಒಪ್ಪಲಿಲ್ಲ. ಹಳೆಯ ಹಾಳೆಗಳನ್ನು ತಂದು ಮೇಜಿನ ಮೇಲೆ ಜೋಡಿಯಾಗಿ ಹಾಸಿದರು, ಸದ್ದಿನದು ಎಡಕ್ಕೆ, ಆವಾಸದ್ದು ಬಲಕ್ಕೆ. ಸದ್ದಿನ ಹಾಳೆಯ ಕೊನೆಯಲ್ಲಿ ಒಂದು ಷರಾ ಕಾಲಂ ಇತ್ತು, ಯಾರೂ ಓದದ ಕಾಲಂ. ಅಲ್ಲಿ ಒಬ್ಬ ವಿದ್ಯಾರ್ಥಿನಿ, ಎಲ್ಲವನ್ನೂ ಬರೆಯುವ ಸ್ವಭಾವದವಳು, ಸೊನ್ನೆ ಹಾಕಿದ ಕಡೆಯೆಲ್ಲ ಕಾರಣ ಬರೆದಿದ್ದಳು: "ಜೀರುಂಡೆ ಗದ್ದಲ ಹೆಚ್ಚು, ಬೇರೇನೂ ಕೇಳುವುದಿಲ್ಲ." ಕೆಲವು ಕಡೆ: "ಇವತ್ತು ಜೀರುಂಡೆಯೂ ಇಲ್ಲ."

ಬಲಗಡೆಯ ಹಾಳೆ ನೋಡಿದರೆ ಗದ್ದಲ ಇದ್ದಲ್ಲೆಲ್ಲ ತಗ್ಗಿನಲ್ಲಿ ನೀರು. "ಜೀರುಂಡೆಯೂ ಇಲ್ಲ" ಎಂದಿದ್ದ ದಿನಗಳಲ್ಲಿ ತಗ್ಗು ಒಣಗಿತ್ತು. ಅಜ್ಜ ಹೇಳಿದ ಮಾತು ನಮ್ಮದೇ ಕಡತದಲ್ಲಿ ಹತ್ತು ತಿಂಗಳು ಮಲಗಿತ್ತು.

ಕೂಗನ್ನು ಗುರುತಿಸಿದ ಮೇಲೆ ಆವಾಸ ತಿಳಿಯುತ್ತದೆ ಎಂಬ ಅನುಕ್ರಮದಲ್ಲಿ ನಾವು ಹೊರಟಿದ್ದೆವು. ಈ ಪ್ರಕರಣದಲ್ಲಿ ಕೂಗನ್ನು ಗುರುತಿಸಿಕೊಟ್ಟದ್ದೇ ಆವಾಸ. ಆ ಸದ್ದು ಯಾವಾಗ ಇರುತ್ತದೆ, ಎಲ್ಲಿ ಇರುವುದಿಲ್ಲ, ಎಷ್ಟು ಎತ್ತರದಿಂದ ಬರುತ್ತದೆ, ಮಳೆ ನಿಂತ ಎಷ್ಟು ಹೊತ್ತಿಗೆ ಏಳುತ್ತದೆ ಇವೆಲ್ಲ ಕೂಗಿನದೇ ಭಾಗಗಳು. ಕಿವಿ ಸೋತಲ್ಲಿ ಅವು ಕೈ ಹಿಡಿಯುತ್ತಿದ್ದವು, ನಾವು ಬೇರೆ ಹಾಳೆಗೆ ಅಟ್ಟಿರದಿದ್ದರೆ. ನನ್ನ ಮೂರು ರಾತ್ರಿಯ ಲೆಕ್ಕವೂ ಇಲ್ಲಿ ನೆಲಕಚ್ಚಿತು. ಪ್ರತಿ ರಾತ್ರಿ ಕೇಳುವ ಸಾಧ್ಯತೆ ಅರ್ಧವಾದರೂ ಇದ್ದಾಗ ಮಾತ್ರ ಮೂರು ರಾತ್ರಿಗೆ ಬೆಲೆ. ಕೇಳಿಯೂ ಹುಳವೆಂದು ಬರೆಯುವವರಿಗೆ ಆ ಸಾಧ್ಯತೆ ಸೊನ್ನೆ. ಸೊನ್ನೆಯನ್ನು ಮೂರು ಸಲವಲ್ಲ, ಮೂವತ್ತು ಸಲ ಹೋಗಿ ತಂದರೂ ಸೊನ್ನೆಯೇ, ಜೊತೆಗೆ ಹೋದಷ್ಟೂ ನಮ್ಮ ನಂಬಿಕೆ ಮಾತ್ರ ಬಲಿಯುತ್ತದೆ.

ಇನ್ನೊಂದು ಬದಿಗೆ ಜಾರಿದ್ದು

ಕಪ್ಪೆ ಸಿಕ್ಕ ಮೇಲೆ ಮೂರು ವಾರ ಎಲ್ಲೆಲ್ಲೂ ಅದೇ ಕಪ್ಪೆ. ಅಡಿಕೆ ತೋಟದ ಅಂಚಿನಲ್ಲಿ, ಕಾಲೇಜಿನ ಮೈದಾನದಲ್ಲಿ, ಒಬ್ಬನ ಮನೆಯ ಮಾಡಿನ ಮೇಲೆ ಕೂಡ. ಮಾಡಿನ ಮೇಲಿನದು ಬಂದಾಗ ಉಪನ್ಯಾಸಕಿ ನನಗೆ ಆ ಸಾಲನ್ನು ಕಳಿಸಿ ಕೆಳಗೆ ಏನೂ ಬರೆದಿರಲಿಲ್ಲ. ನಿಜವಾದ ಜೀರುಂಡೆಗಳೂ ಊರಿನಲ್ಲಿ ಇದ್ದವು, ಪಾಪ. ಈಗ ಅವುಗಳಿಗೆಲ್ಲ ಕಪ್ಪೆಯ ಪದವಿ.

ಇದ್ದದ್ದನ್ನು ಇಲ್ಲ ಎನ್ನುವುದಕ್ಕಿಂತ ಇಲ್ಲದ್ದನ್ನು ಇದೆ ಎನ್ನುವುದು ಇಂಥ ಕೆಲಸದಲ್ಲಿ ಹೆಚ್ಚು ಅಪಾಯ. ಮೆಕೆಂಜಿ ವಿಧಾನ ಮೊದಲನೆಯದನ್ನು ತಾಳಿಕೊಳ್ಳುತ್ತದೆ, ಎರಡನೆಯದು ನಡೆಯುವುದೇ ಇಲ್ಲ ಎಂದು ಎಣಿಸಿಕೊಂಡೇ ಅದನ್ನು ಕಟ್ಟಲಾಗಿದೆ. ಹಾಗಾಗಿ ಕಟ್ಟುನಿಟ್ಟು ತಂದೆವು. ಒಂದು ಬಿಂದುವಿನಲ್ಲಿ ಕೂಗುತ್ತಿರುವ ಗಂಡನ್ನು ಕಣ್ಣಿನಿಂದ ಒಮ್ಮೆಯಾದರೂ ನೋಡದೆ, ಚೀಲ ಉಬ್ಬುವುದನ್ನು ಕಾಣದೆ, ಅಲ್ಲಿಯ ಸದ್ದನ್ನು ಆ ಹೆಸರಿನಲ್ಲಿ ಬರೆಯುವಂತಿಲ್ಲ. ಅಲ್ಲಿಯವರೆಗೆ "ಗುರುತಿಸದ ಸದ್ದು, ನೀರಿನ ಹತ್ತಿರ" ಎಂದೇ ಇರಲಿ. ಧ್ವನಿ ಹಿಡಿಯುವುದು ಧ್ವನಿಮುದ್ರಣ ಯಂತ್ರದಲ್ಲಿ, ಕುಗ್ಗಿಸದ ಫೈಲಿನಲ್ಲಿ. ಕಂಪ್ಯೂಟರಿನಲ್ಲಿ ಸದ್ದಿನ ಚಿತ್ರ ಬಿಡಿಸಿ ನೋಡಿದಾಗ ನಮ್ಮ ಬಯಲಿನ ಜೀರುಂಡೆಗಳು ತೆಳುವಾದ ಒಂದೇ ಎತ್ತರದ ಗೆರೆ ಎಳೆಯುತ್ತಿದ್ದವು. ಕಪ್ಪೆಯದು ಒತ್ತೊತ್ತಾಗಿ ನಿಂತ ಸಣ್ಣ ಕಡ್ಡಿಗಳ ಸಾಲು, ಬಾಚಣಿಗೆಯ ಹಲ್ಲಿನಂತೆ, ನಡುನಡುವೆ ಬಿಡುವು. ಕಿವಿಗೆ ಒಂದೇ ಎನಿಸಿದ್ದು ಕಣ್ಣಿಗೆ ಬೇರೆಯಾಗಿ ಕಂಡಿತು. ತೋಟ, ಮೈದಾನ, ಮಾಡು ಮೂರೂ ಪಟ್ಟಿಯಿಂದ ಹೊರಬಿದ್ದವು.

ರೆಕಾರ್ಡು ಮಾಡಿದ ಕೂಗನ್ನು ಜೋರಾಗಿ ಕೇಳಿಸಿ ಗಂಡುಗಳಿಂದ ಉತ್ತರ ಪಡೆಯುವ ಉಪಾಯವನ್ನು ಒಬ್ಬ ಹುಡುಗ ಮುಂದಿಟ್ಟ. ಬೇಡವೆಂದೆವು. ನೀರು ನಿಲ್ಲುವ ಕೆಲವೇ ದಿನಗಳಲ್ಲಿ ಆ ಗಂಡುಗಳ ವರ್ಷದ ಕೆಲಸವೆಲ್ಲ ಮುಗಿಯಬೇಕು. ಇಲ್ಲದ ಎದುರಾಳಿಯ ಜೊತೆ ಜಗಳಕ್ಕೆ ಅವುಗಳನ್ನು ಎಬ್ಬಿಸುವುದು ನಮಗೆ ಸರಿಯೆನಿಸಲಿಲ್ಲ.

ಕಿವಿಯ ಸಮೀಕ್ಷೆಗೆ ಸಿಗದವರೂ ಇದ್ದಾರೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಹೆಣ್ಣುಗಳು, ಮರಿಗಳು, ಬೇಸಿಗೆಯಲ್ಲಿ ಕಲ್ಲಿನ ಸಂದು ಸೇರಿದವು ಯಾವುದೂ ಸಾಮಾನ್ಯವಾಗಿ ಕೂಗುವುದಿಲ್ಲ. ಕಾಲಿಲ್ಲದೆ ಎರೆಹುಳದಂತೆ ಮಣ್ಣಿನಲ್ಲಿರುವ ಸಿಸಿಲಿಯನ್‌ಗಳು ಕಪ್ಪೆಯ ದೂರದ ನೆಂಟರೇ, ಅವೂ ಕೂಗುವುದಿಲ್ಲ. ಘಟ್ಟದ ರಭಸದ ತೊರೆಗಳಲ್ಲಿ ನೀರಿನ ಭೋರ್ಗರೆತದ ನಡುವೆ ಕೂಗಿನ ಜೊತೆಗೆ ಹಿಂಗಾಲು ಚಾಚಿ ಬೀಸಿ ಸನ್ನೆ ಮಾಡುವ ಕಪ್ಪೆಗಳೂ ಇವೆ. ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆ ಮೊಟ್ಟೆಗೆ ಮಣ್ಣು ಮೆತ್ತುತ್ತದೆ ಎಂಬುದು 2014ರಲ್ಲಿ ಲೋಕಕ್ಕೆ ತಿಳಿದದ್ದು ಕೂಗು ಕೇಳಿ ಎದ್ದುಹೋಗುವವರಿಂದಲ್ಲ, ರಾತ್ರಿಯಿಡೀ ಕುಳಿತು ನೋಡಿದವರಿಂದ.

ಪಂಚಾಯತಿಗೆ ಎರಡನೇ ಪತ್ರ

ಹೋದ ವರ್ಷದ ಪತ್ರ ತಪ್ಪು ಎಂದು ಬರೆಯಬೇಕೇ ಬೇಡವೇ ಎಂದು ತಂಡದಲ್ಲಿ ವಾದವಾಯಿತು. ಹಳೆಯ ಪತ್ರದ ಸುದ್ದಿ ಎತ್ತದೆ ಹೊಸ ಮಾಹಿತಿ ಎಂದು ಕೊಟ್ಟರೆ ಸಾಕಲ್ಲ ಎಂದು ಒಬ್ಬರು. ಕಾಲೇಜಿನ ಮರ್ಯಾದೆ ಎಂದು ಇನ್ನೊಬ್ಬರು. ಉಪನ್ಯಾಸಕಿ ಮೊದಲ ಸಾಲಿನಲ್ಲೇ ಬರೆದರು: "ನಮ್ಮ ಹಿಂದಿನ ಪತ್ರದಲ್ಲಿ ತಪ್ಪಿತ್ತು. ಕಪ್ಪೆಯ ಕೂಗನ್ನು ನಾವು ಕೀಟದ ಸದ್ದೆಂದು ತಿಳಿದಿದ್ದೆವು."

ಅಧಿಕಾರಿ ಪತ್ರ ಓದಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಹೋದ ವರ್ಷ ಇಲ್ಲ ಅಂದಿರಿ, ಈ ವರ್ಷ ಇದೆ ಅನ್ನುತ್ತೀರಿ, ಮುಂದಿನ ವರ್ಷ ಏನನ್ನುತ್ತೀರಿ ಮೇಡಂ? ಇದಕ್ಕೆ ಕಾಗದದಲ್ಲಿ ಉತ್ತರವಿರಲಿಲ್ಲ. ಅವರನ್ನೂ ಇಬ್ಬರು ಸದಸ್ಯರನ್ನೂ ಒಂದು ರಾತ್ರಿ ಬಿಂದು ಏಳಕ್ಕೆ ಕರೆದೊಯ್ದೆವು. ಒಬ್ಬ ಸದಸ್ಯರು ಕಪ್ಪೆಯನ್ನು ನೋಡಿ "ಇಷ್ಟೇನಾ?" ಎಂದರು. ಇನ್ನೊಬ್ಬರು ಕಪ್ಪೆಗಿಂತ ಹೆಚ್ಚಾಗಿ ಸುತ್ತಲಿನ ಸದ್ದನ್ನು ಕೇಳುತ್ತ ನಿಂತರು. ಚಿಕ್ಕಂದಿನಿಂದ ಕೇಳಿದ್ದೇನೆ, ಹುಳ ಅಂದುಕೊಂಡಿದ್ದೆ ಎಂದರು. ಆ ಕತ್ತಲಲ್ಲಿ ನನಗೆ ಅವರ ಮೇಲೆ ವಿಶೇಷ ಪ್ರೀತಿ ಬಂತು.

ಘಟಕದ ಜಾಗ ಬದಲಾಯಿತು. ಬಯಲು ಬಿಟ್ಟು ಹೋಗಲಿಲ್ಲ, ಹಳೆಯ ಕೋರೆಯಿದ್ದ ಅಂಚಿಗೆ ಸರಿಯಿತು. ಎಂಜಿನಿಯರ್ ನಕ್ಷೆ ಕೇಳಿದರು. ನಾವು ಕಪ್ಪೆ ಕೂಗಿದ ಆರು ಜಾಗಗಳಿಗೆ ಕೆಂಪು ಚುಕ್ಕಿ ಹಾಕಿ ಕೊಟ್ಟೆವು. ಅವರು ಒಂದು ಚುಕ್ಕಿಯನ್ನೂ ಮುಟ್ಟದಂತೆ ರಸ್ತೆ ತೆಗೆದರು. ಹೇಳಿದ ಮಾತಿಗೆ ತಪ್ಪದ ಮನುಷ್ಯ.

ಮೂರನೇ ಮಳೆಗಾಲ

ರಸ್ತೆಯ ಪಕ್ಕದಲ್ಲಿ ಚರಂಡಿ ಇರಲೇಬೇಕಲ್ಲ. ಬಿಂದು ಏಳರಿಂದ ಮೇಲಕ್ಕೆ, ಕೂಗು ಕಿವಿಗೆ ತಲುಪದಷ್ಟು ದೂರದಲ್ಲಿ, ಮೊಣಕಾಲುದ್ದದ ಚರಂಡಿ ಕಲ್ಲನ್ನು ಸೀಳಿಕೊಂಡು ಹೋಯಿತು. ಹಾಸುಗಲ್ಲಿನ ಮೇಲೆ ಮಳೆನೀರು ತೆಳ್ಳನೆಯ ಹಾಳೆಯಾಗಿ ಜಾರಿ ಬಂದು ಕೆಳಗಿನ ತಗ್ಗುಗಳನ್ನು ತುಂಬುತ್ತಿತ್ತು ಎಂದು ನಮಗೆ ತಿಳಿದದ್ದು ಅದು ನಿಂತ ಮೇಲೆ. ಮಳೆ ಬಿದ್ದಾಗ ತಗ್ಗು ತುಂಬುತ್ತದೆ, ಗಂಡುಗಳು ಬಂದು ಕೂಗುತ್ತವೆ, ನೀರಿನ ಮೇಲೆ ಮೊಟ್ಟೆಯ ಪೊರೆ ಕಾಣಿಸಿಕೊಳ್ಳುತ್ತದೆ. ಒಂದು ಬಿಡುವು ಬಂದರೆ, ಮೇಲಿನಿಂದ ಒಸರಿ ಬರುವ ನೀರಿಲ್ಲದೆ, ಗೊದಮೊಟ್ಟೆಗಳಿಗೆ ಕಾಲು ಮೂಡುವ ಮೊದಲೇ ತಗ್ಗು ಆರುತ್ತದೆ. ಆರು ಚುಕ್ಕಿಗಳಲ್ಲಿ ಎರಡರಲ್ಲಿ ಹೀಗಾಯಿತು. ಆಟಿ ತಿಂಗಳ ಒಂದು ಬಿಸಿಲಿನ ಮಧ್ಯಾಹ್ನ ಬಿಂದು ಏಳರ ತಳದಲ್ಲಿ ಬೆರಳಿಟ್ಟು ನೋಡಿದೆ. ಪಾಚಿ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಪಾರದರ್ಶಕವಾದ, ಅಕ್ಕಿಕಾಳಿಗಿಂತ ಚಿಕ್ಕ ಗೊದಮೊಟ್ಟೆಗಳು ಅಂಟಿಕೊಂಡಿದ್ದವು.

ಸದ್ದಿನ ಹಾಳೆಯಲ್ಲಿ ಮಾತ್ರ ಆ ಬಿಂದುವಿಗೆ ಆ ವರ್ಷ ಒಳ್ಳೆಯ ಅಂಕವೇ ಬಂದಿತ್ತು. 2, 3, 2. ಕೂಗು ಕೇಳಿ ಆವಾಸ ಚೆನ್ನಾಗಿದೆ ಎಂದು ಬರೆದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಗಂಡು ಕೂಗಿದ ಜಾಗ ಅದು ಕೂಗಿದ ಜಾಗ ಅಷ್ಟೇ. ಮೊಟ್ಟೆ ಮರಿಯಾಗುವುದು, ಮರಿ ಬೇಸಿಗೆ ಕಳೆಯುವುದು, ಇವೆರಡಕ್ಕೂ ನೀರು ತಂದುಕೊಡುವ ಇಳಿಜಾರು, ಇವು ಯಾವುವೂ ಆ ಚುಕ್ಕಿಯೊಳಗೆ ಹಿಡಿಸುವುದಿಲ್ಲ. ನಾವು ಎಂಜಿನಿಯರಿಗೆ ಕೊಡಬೇಕಾಗಿದ್ದುದು ಚುಕ್ಕಿಗಳನ್ನಲ್ಲ, ನೀರಿನ ಹರಿವಿನ ಗೆರೆಗಳನ್ನು. ನಾವು ಕೇಳಿದ್ದನ್ನು ಅವರು ಮಾಡಿದರು, ಕೇಳಿದ್ದೇ ತಪ್ಪಾಗಿತ್ತು.

ಮತ್ತೆ ಪಂಚಾಯತಿಗೆ ಹೋದೆವು. ಈ ಸಲ ಮಳೆ ಸುರಿಯುವಾಗಲೇ ಎಂಜಿನಿಯರನ್ನು ಚರಂಡಿಯ ಹತ್ತಿರ ನಿಲ್ಲಿಸಿ, ನೀರು ಎಲ್ಲಿಂದ ಬಂದು ಎಲ್ಲಿಗೆ ತಿರುಗುತ್ತಿದೆ ಎಂದು ತೋರಿಸಿದೆವು. ಅವರು ಕೊಡೆ ಹಿಡಿದು ಸುಮ್ಮನೆ ನೋಡಿದರು. ಎರಡು ಕಡೆ ರಸ್ತೆಯಡಿಗೆ ಮೋರಿ ಇಟ್ಟು ನೀರನ್ನು ದಾಟಿಸಬಹುದು, ಆದರೆ ಈ ವರ್ಷದ ಕಾಮಗಾರಿಯ ಪಟ್ಟಿ ಮುಗಿದಿದೆ ಎಂದರು. ಮಾರ್ಚಿನಲ್ಲಿ ಒಂದು ಮೋರಿ ಬಂತು. ಇನ್ನೊಂದಕ್ಕೆ ಹಣ ಸಾಲಲಿಲ್ಲವಂತೆ.

ಈಗ ಹಾಳೆ ಒಂದೇ. ಕೂಗು, ನೀರಿನ ಆಳ, ಕೊನೆಯ ಮಳೆ ಬಿದ್ದು ಎಷ್ಟು ದಿನವಾಯಿತು, ಮೊಟ್ಟೆ, ಗೊದಮೊಟ್ಟೆ ಎಲ್ಲವೂ ಒಂದೇ ಸಾಲಿನಲ್ಲಿ, ಒಬ್ಬರದೇ ಕೈಬರಹದಲ್ಲಿ. ಷರಾ ಕಾಲಂ ಅನ್ನು ಎರಡರಷ್ಟು ಅಗಲ ಮಾಡಿದ್ದೇವೆ. ಎಲ್ಲವನ್ನೂ ಬರೆಯುವ ಆ ಹುಡುಗಿ ಪದವಿ ಮುಗಿಸಿ ಬೇರೆ 

ಊರಿಗೆ ಹೋದಳು, ಹೊಸಬರಿಗೆ ಅವಳ ಹಳೆಯ ಹಾಳೆಯ ನಕಲನ್ನೇ ಮಾದರಿಯೆಂದು ಕೊಡುತ್ತೇವೆ. ಮೋರಿ ಬಂದದ್ದು ಬಿಂದು ಏಳರ ಮೇಲ್ಬದಿಯಲ್ಲಿ. ಅದರ ಈ ವರ್ಷದ ಸಾಲು ಇನ್ನೂ ಖಾಲಿ ಇದೆ. ಮಳೆ ಹಿಡಿಯಬೇಕು, ಆಮೇಲೆ ನಾಲ್ಕು ದಿನ ಬಿಡಬೇಕು. ಆಗ ಹೋಗಿ ನೋಡುತ್ತೇವೆ.